ಕರಾವಳಿಯ ವಿವಾದಗಳಲ್ಲಿ ಹವ್ಯಾಸಿಯ ಟಿಪ್ಪಣಿಗೂ ಬೆಲೆಯಿದೆ

ಕಾರವಾರ: ಕಳೆದ ಕೆಲವು ವರ್ಷಗಳಲ್ಲಿ ರಾಜ್ಯದ ಕರಾವಳಿಯಲ್ಲಿ ಎದ್ದ ದೊಡ್ಡ ವಿವಾದಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಅವುಗಳ ಬುಡದಲ್ಲಿ ಒಂದೇ ಪ್ರಶ್ನೆ ಕಾಣಿಸುತ್ತದೆ. 2020ರಲ್ಲಿ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದ ಬಳಿ ಬಂದರು ವಿಸ್ತರಣೆಗೆ ಮೀನುಗಾರರು ವಿರೋಧ ವ್ಯಕ್ತಪಡಿಸಿದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆಯಿತು. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ 4,119 ಕೋಟಿ ರೂಪಾಯಿ ವೆಚ್ಚದ ಆಳಸಮುದ್ರ ಬಂದರಿನ ಯೋಜನೆ 2023ರಲ್ಲಿ ಖಾಸಗಿ ಸಂಸ್ಥೆಯ ಪಾಲಾದ ಮೇಲೆ ಅಲ್ಲಿಯೂ ಅದೇ ಪ್ರತಿರೋಧ ಕಂಡುಬಂತು. ಉದ್ಯೋಗ, ಪರಿಹಾರ, ಮೀನುಗಾರಿಕೆಯ ಹಕ್ಕು ಮುಂತಾದ ವಾದಗಳ ಜೊತೆಗೆ ಪ್ರತಿ ಬಾರಿಯೂ ಕೇಳಿಬರುವ ಪ್ರಶ್ನೆ ಇದು: ಈ ತೀರದಲ್ಲಿ ನಿಜಕ್ಕೂ ಏನೇನು ಬದುಕಿದೆ?

ಈ ಪ್ರಶ್ನೆ ಕೇವಲ ಭಾವುಕವಾದುದಲ್ಲ, ಅದಕ್ಕೆ ಕಾನೂನಿನ ತೂಕವಿದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಕಾಂಡ್ಲಾ ವನ, ಹವಳದ ದಿಬ್ಬ, ಮರಳು ದಿಬ್ಬ, ಕಡಲಹುಲ್ಲಿನ ಹಾಸು, ಕಡಲಾಮೆಗಳು ಮೊಟ್ಟೆ ಇಡುವ ತಾಣ, ಹಕ್ಕಿಗಳು ಗೂಡು ಕಟ್ಟುವ ತಾಣ ಮುಂತಾದವುಗಳನ್ನು ಅತ್ಯಂತ ಸೂಕ್ಷ್ಮವಾದ 1-ಎ ವರ್ಗದಲ್ಲಿ ಸೇರಿಸಿದೆ. ಅಲ್ಲಿ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ನಿರ್ಮಾಣಕ್ಕೆ ಅವಕಾಶವಿಲ್ಲ. ಇದೇ ಅಧಿಸೂಚನೆಯು ಜನದಟ್ಟಣೆಯ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಅಂತರವನ್ನು 200 ಮೀಟರ್‌ನಿಂದ 50 ಮೀಟರ್‌ಗೆ ಇಳಿಸಿದೆ. ಅಂದರೆ ಅಂತರದ ರಕ್ಷಣೆ ಕಡಿಮೆಯಾದಷ್ಟೂ ಅಲ್ಲಿರುವ ಜೀವಿಗಳ ದಾಖಲೆಯ ಮಹತ್ವ ಹೆಚ್ಚುತ್ತದೆ. ದಾಖಲೆಯಿಲ್ಲದ ಆಮೆಯ ಗೂಡು ನಕ್ಷೆಯಲ್ಲಿ ಇರುವುದಿಲ್ಲ. ನಕ್ಷೆಯಲ್ಲಿ ಇಲ್ಲದುದು ಕಡತದಲ್ಲಿಯೂ ಇರುವುದಿಲ್ಲ.

ಹಾಗಾದರೆ ದಾಖಲಿಸುವವರು ಯಾರು? 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಯೋಜನೆಯ ಪ್ರತಿಪಾದಕರೇ ಸಲಹಾ ಸಂಸ್ಥೆಯನ್ನು ನೇಮಿಸಿಕೊಂಡು ವರದಿ ಸಿದ್ಧಪಡಿಸಬೇಕು. ಅಧ್ಯಯನದ ಖರ್ಚೂ ಅವರದೇ. ಅನೇಕ ಯೋಜನೆಗಳಲ್ಲಿ ಮಳೆಗಾಲವಲ್ಲದ ಒಂದು ಋತುವಿನ ಮಾಹಿತಿ ಸಾಕಾಗುತ್ತದೆ. ಕೆಲವು ವಾರಗಳ ಕಾಲ ಬಂದುಹೋಗುವ ತಜ್ಞರ ಪ್ರಾಮಾಣಿಕತೆಯನ್ನು ಶಂಕಿಸದೆಯೇ ಒಂದು ಮಾತನ್ನು ಹೇಳಬಹುದು: ವರ್ಷದ ಹನ್ನೆರಡು ತಿಂಗಳೂ ತೀರದಲ್ಲಿ ಓಡಾಡುವವರಿಗೆ ಕಾಣುವುದೆಲ್ಲ ಅವರಿಗೆ ಕಾಣುವುದು ಸಾಧ್ಯವಿಲ್ಲ. ನಸುಕಿನಲ್ಲಿ ಬಲೆ ಎಳೆಯುವ ಮೀನುಗಾರ, ರಜೆಯ ದಿನ ಬಂಡೆಗಳ ನಡುವೆ ಅಲೆಯುವ ಕಾಲೇಜು ವಿದ್ಯಾರ್ಥಿ, ನಿವೃತ್ತಿಯ ನಂತರ ಹಕ್ಕಿ ನೋಡುವ ಗೀಳು ಹತ್ತಿಸಿಕೊಂಡ ಶಿಕ್ಷಕ, ಇಂಥವರ ಬಳಿ ಇರುವ ತಿಳಿವಳಿಕೆ ದಾಖಲೆಯ ರೂಪ ಪಡೆದರೆ ಕರಾವಳಿಯ ಚರ್ಚೆಯ ಸ್ವರೂಪವೇ ಬದಲಾಗಬಹುದು. ಆದರೆ ನೋಡುವುದಕ್ಕೂ ಗುರುತಿಸುವುದಕ್ಕೂ, ಗುರುತಿಸುವುದಕ್ಕೂ ಸಾಕ್ಷ್ಯವಾಗುವುದಕ್ಕೂ ನಡುವೆ ದೂರವಿದೆ.

ಮಸಾಲೆ ಡಬ್ಬಿಯ ಜೀವಿ

ಆಮೆ, ಡಾಲ್ಫಿನ್, ಕಡಲಹದ್ದು ಎಲ್ಲರ ಗಮನ ಸೆಳೆಯುತ್ತವೆ. ಕಣ್ಣೆದುರೇ ಇದ್ದರೂ ಯಾರೂ ನೋಡದ ಜೀವಿಯೆಂದರೆ ಲೈಕೆನ್. ಹೆಸರು ಅಪರಿಚಿತವಾದರೂ ವಸ್ತು ಅಪರಿಚಿತವಲ್ಲ. ಬಿಸಿಬೇಳೆಬಾತಿನ ಪುಡಿಗೆ ಮರಾಠಿ ಮೊಗ್ಗಿನ ಜೊತೆ ಹುರಿದು ಹಾಕುವ ಕಲ್ಲುಹೂವು ಲೈಕೆನ್ನೇ. ಅದು ಹೂವೂ ಅಲ್ಲ, ಸಸ್ಯವೂ ಅಲ್ಲ. ಶಿಲೀಂಧ್ರವೊಂದು ಪಾಚಿಯನ್ನೋ ಸಯನೋಬ್ಯಾಕ್ಟೀರಿಯವನ್ನೋ ತನ್ನೊಳಗೆ ಇರಿಸಿಕೊಂಡು ನಡೆಸುವ ಕೂಡು ಸಂಸಾರ ಅದು. ಶಿಲೀಂಧ್ರ ಆಸರೆ ಕೊಡುತ್ತದೆ, ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಸೈಮನ್ ಶ್ವೆಂಡನರ್ 1860ರ ದಶಕದ ಕೊನೆಯಲ್ಲಿ ಈ ಸಂಗತಿಯನ್ನು ಮಂಡಿಸಿದಾಗ ಆ ಕಾಲದ ಅನೇಕ ವಿದ್ವಾಂಸರು ಅದನ್ನು ಒಪ್ಪಲು ಸಿದ್ಧರಿರಲಿಲ್ಲ.

ಕರಾವಳಿಯಲ್ಲಿ ಇವುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೆಂಗಿನ ಮರದ ಕಾಂಡದ ಮೇಲೆ ಬೂದುಬಿಳಿ ಬಣ್ಣದ ದುಂಡನೆಯ ಮಚ್ಚೆಗಳಾಗಿ, ಕೆಂಪುಕಲ್ಲಿನ ಪಾಗಾರದ ಮೇಲೆ ಹಳದಿ, ಬಿಳಿ ತೇಪೆಗಳಾಗಿ, ನುಣುಪು ತೊಗಟೆಯ ಮೇಲೆ ಯಾರೋ ಕಪ್ಪು ಶಾಯಿಯಲ್ಲಿ ಗೀಚಿದ ಅಕ್ಷರಗಳಂತೆ ಇವು ಕಾಣಿಸುತ್ತವೆ. ಅಕ್ಷರದಂತೆ ಕಾಣುವುದಕ್ಕೆ ‘ಗ್ರಾಫಿಸ್’ ಎಂದೇ ಹೆಸರು. ಸಮುದ್ರದ ಗಾಳಿ ನೇರವಾಗಿ ಬೀಸುವ ಮರಗಳಲ್ಲಿ ಬೂದು ಬಣ್ಣದ ಪಟ್ಟಿಗಳಾಗಿ ಜೋತುಬೀಳುವ ‘ರೊಸೆಲ್ಲಾ ಮೊಂಟಾನಿ’ ಭಾರತದ ಕರಾವಳಿಯ ಪರಿಚಿತ ಪ್ರಭೇದ. ಶಾಲೆಯ ಪ್ರಯೋಗಾಲಯದಲ್ಲಿ ಆಮ್ಲ-ಕ್ಷಾರ ಪರೀಕ್ಷಿಸುವ ಲಿಟ್ಮಸ್ ಬಣ್ಣ ಸಿಗುತ್ತಿದ್ದುದು ಇದೇ ರೊಸೆಲ್ಲಾ ಕುಲದ ಲೈಕೆನ್‌ಗಳಿಂದ.

ಬಂದರು, ಕಾರ್ಖಾನೆಗಳ ಚರ್ಚೆಯಲ್ಲಿ ಕಲ್ಲುಹೂವಿಗೇನು ಕೆಲಸ ಎಂಬ ಪ್ರಶ್ನೆ ಸಹಜ. ಲೈಕೆನ್‌ಗೆ ಬೇರಿಲ್ಲ. ನೀರನ್ನೂ ಲವಣಾಂಶವನ್ನೂ ಅದು ಗಾಳಿ ಮತ್ತು ಮಳೆಯಿಂದಲೇ ಹೀರಿಕೊಳ್ಳುತ್ತದೆ. ಒಳಗೆ ಬಂದ ವಿಷವನ್ನು ಹೊರಹಾಕುವ ವ್ಯವಸ್ಥೆ ಅದಕ್ಕಿಲ್ಲ. ಆದ್ದರಿಂದಲೇ ಗಂಧಕದ ಡೈಆಕ್ಸೈಡ್ ಹೆಚ್ಚಾದೆಡೆ ಅನೇಕ ಪ್ರಭೇದಗಳು ಕಣ್ಮರೆಯಾಗುತ್ತವೆ. ಪ್ಯಾರಿಸ್ ನಗರದ ಲಕ್ಸೆಂಬರ್ಗ್ ಉದ್ಯಾನದಲ್ಲಿ ಲೈಕೆನ್‌ಗಳು ಕಡಿಮೆಯಾಗುತ್ತಿರುವುದನ್ನು ವಿಲಿಯಂ ನೈಲ್ಯಾಂಡರ್ 1866ರಲ್ಲಿಯೇ ಬರೆದಿದ್ದರು. 1970ರಲ್ಲಿ ಬ್ರಿಟನ್ನಿನ ಹಾಕ್ಸ್‌ವರ್ತ್ ಮತ್ತು ರೋಸ್ ಎಂಬ ವಿಜ್ಞಾನಿಗಳು ಮರದ ಮೇಲಿನ ಲೈಕೆನ್ ನೋಡಿ ಗಾಳಿಯ ಗುಣಮಟ್ಟ ಅಂದಾಜಿಸುವ ಮಾಪನವನ್ನೇ ರೂಪಿಸಿದರು. ಮಾಪನ ಯಂತ್ರ ತಾನು ಇರಿಸಲ್ಪಟ್ಟ ದಿನಗಳ ಲೆಕ್ಕ ಕೊಡುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಲೈಕೆನ್ ಹಲವು ವರ್ಷಗಳ ಗಾಳಿಯ ಲೆಕ್ಕವನ್ನು ಮೈಮೇಲೆ ಬರೆದುಕೊಂಡಿರುತ್ತದೆ.

ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತ ನಡೆದ ದೀರ್ಘ ವ್ಯಾಜ್ಯವನ್ನು ಇಲ್ಲಿ ನೆನೆಯಬಹುದು. ಪರಿಸರ ಪರಿಹಾರವಾಗಿ ಸುಮಾರು 52 ಕೋಟಿ ರೂಪಾಯಿ ಪಾವತಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರಲ್ಲಿ ಆದೇಶಿಸಿತು. ಇಂಥ ವ್ಯಾಜ್ಯಗಳಲ್ಲಿ ಅತ್ಯಂತ ಕಷ್ಟದ ಕೆಲಸವೆಂದರೆ ‘ಮೊದಲು ಹೇಗಿತ್ತು’ ಎಂಬುದನ್ನು ಸಾಬೀತುಪಡಿಸುವುದು. ಸ್ಥಾವರ ಆರಂಭವಾಗುವ ಮೊದಲು ತೆಗೆದ, ದಿನಾಂಕ ಮತ್ತು ಸ್ಥಳ ನಮೂದಿಸಿದ ತೆಂಗಿನ ಕಾಂಡದ ಹತ್ತು ಛಾಯಾಚಿತ್ರಗಳು ಕೂಡ ಆಗ ಉಪಯೋಗಕ್ಕೆ ಬರುತ್ತವೆ. ಅದೇ ಕಾಂಡವನ್ನು ಐದು ವರ್ಷಗಳ ನಂತರ ನೋಡಿ ಹೋಲಿಸಬಹುದು.

ಹೆಸರಿಡುವ ಕಷ್ಟ

ಇಲ್ಲಿಯೇ ಹವ್ಯಾಸಿಯ ಪರೀಕ್ಷೆ ಆರಂಭವಾಗುತ್ತದೆ. ಜಗತ್ತಿನಲ್ಲಿ ಸುಮಾರು 20,000 ಲೈಕೆನ್ ಪ್ರಭೇದಗಳಿವೆ ಎಂಬುದು ವಿಜ್ಞಾನಿಗಳ ಅಂದಾಜು. ಭಾರತದಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಪ್ರಭೇದಗಳು ದಾಖಲಾಗಿವೆ. ಮೊದಲ ಹಂತ ಸುಲಭ. ಕಲ್ಲಿಗೋ ತೊಗಟೆಗೋ ಬಣ್ಣ ಬಳಿದಂತೆ ಅಂಟಿಕೊಂಡಿರುವುದು ಒಂದು ಬಗೆ, ಎಲೆಯಂತೆ ಅಂಚು ಬಿಟ್ಟುಕೊಂಡಿರುವುದು ಇನ್ನೊಂದು, ಪೊದೆಯಂತೆ ಎದ್ದು ನಿಲ್ಲುವುದು ಅಥವಾ ಜೋತುಬೀಳುವುದು ಮೂರನೆಯದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಮಸೂರ ಇದ್ದರೆ ಇಷ್ಟನ್ನು ಯಾರೂ ಒಂದು ವಾರದಲ್ಲಿ ಕಲಿಯಬಹುದು.

ಆನಂತರದ ಹಂತ ಕಠಿಣ. ತೆಂಗಿನ ಕಾಂಡದ ಮೇಲೆ ಸಿಗುವ ‘ಪಿಕ್ಸಿನ್ ಕೊಕೋಸ್’ ಮತ್ತು ‘ಡಿರಿನೇರಿಯಾ’ ಮೇಲ್ನೋಟಕ್ಕೆ ಒಂದೇ ಎಂಬಂತೆ ಕಾಣುತ್ತವೆ. ನೇರಳಾತೀತ ಬೆಳಕಿನ ಟಾರ್ಚ್ ಹಿಡಿದರೆ ಪಿಕ್ಸಿನ್ ಕೊಕೋಸ್ ಹಳದಿಯಾಗಿ ಹೊಳೆಯುತ್ತದೆ. ಡಿರಿನೇರಿಯಾ ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ, ಬ್ಲೀಚಿಂಗ್ ದ್ರಾವಣದ ಒಂದು ಹನಿ ಹಾಕಿ ಬಣ್ಣ ಬದಲಾಗುವುದೇ ಎಂದು ನೋಡುವುದು ಲೈಕೆನ್ ತಜ್ಞರ ಹಳೆಯ ಪದ್ಧತಿ. ಅಷ್ಟಾದರೂ ಅನೇಕ ಪ್ರಭೇದಗಳನ್ನು ಸೂಕ್ಷ್ಮದರ್ಶಕದಲ್ಲಿ ಬೀಜಾಣುಗಳ ಆಕಾರ ನೋಡದೆ ಖಚಿತಪಡಿಸಲಾಗುವುದಿಲ್ಲ. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ, ಪುಣೆಯ ಆಘಾರಕರ್ ಸಂಶೋಧನಾ ಸಂಸ್ಥೆಗಳಲ್ಲಿ ಈ ಕೆಲಸಕ್ಕೆ ಪರಿಣತಿಯಿದೆ. ಭಾರತದ ಲೈಕೆನ್ ಅಧ್ಯಯನಕ್ಕೆ ಅಡಿಪಾಯ ಹಾಕಿದ ಡಿ.ಡಿ. ಅವಸ್ಥಿ ಅವರ ಗುರುತಿಸುವಿಕೆಯ ಕೈಪಿಡಿಗಳೇ ಇಂದಿಗೂ ಅಭ್ಯಾಸಿಗಳ ಆಧಾರ.

ಹೀಗಿರುವಾಗ ಮೊಬೈಲ್ ಚಿತ್ರವೊಂದನ್ನು ನೋಡಿ ಪ್ರಭೇದದ ಹೆಸರನ್ನು ಧೈರ್ಯವಾಗಿ ಹೇಳುವವನಿಗಿಂತ ‘ಪಾರ್ಮೋಟ್ರೆಮಾ ಕುಲದ್ದು, ಪ್ರಭೇದ ಖಚಿತವಿಲ್ಲ’ ಎಂದು ಬರೆದಿಡುವವನ ದಾಖಲೆಯೇ ಹೆಚ್ಚು ಬಾಳಿಕೆ ಬರುತ್ತದೆ. ಮುಂದೊಂದು ದಿನ ತಜ್ಞರು ಅದನ್ನು ಪರಿಶೀಲಿಸಿ ಪೂರ್ಣಗೊಳಿಸಬಹುದು. ತಪ್ಪು ಹೆಸರನ್ನು ಹೊತ್ತ ದಾಖಲೆ ಮಾತ್ರ ತಾನು ಹಾಳಾಗುವುದಲ್ಲದೆ ಪಕ್ಕದ ಸರಿಯಾದ ದಾಖಲೆಗಳ ಮೇಲೂ ಶಂಕೆ ಹುಟ್ಟಿಸುತ್ತದೆ. ಲೈಕೆನ್ ಕಲಿಸುವ ಈ ಸಂಯಮ ತೀರದ ಉಳಿದೆಲ್ಲ ಜೀವಿಗಳಿಗೂ ಅನ್ವಯಿಸುತ್ತದೆ.

ಮರಳಿನ ಮೇಲಿನ ಗುರುತು

ಆಲಿವ್ ರಿಡ್ಲೆ ಕಡಲಾಮೆಯ ಉದಾಹರಣೆಯನ್ನೇ ನೋಡೋಣ. ಒಡಿಶಾದಲ್ಲಿ ಇವು ಲಕ್ಷಗಟ್ಟಲೆ ಒಟ್ಟಾಗಿ ಬಂದು ಮೊಟ್ಟೆ ಇಡುತ್ತವೆ. ನಮ್ಮ ಕರಾವಳಿಯಲ್ಲಿ ಒಂಟಿಯಾಗಿ, ಹೆಚ್ಚಾಗಿ ಚಳಿಗಾಲದ ತಿಂಗಳುಗಳಲ್ಲಿ, ರಾತ್ರಿಯ ಹೊತ್ತು ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿರುತ್ತವೆ. ಮರಿಗಳು ಹೊರಬರಲು ಆರೇಳು ವಾರಗಳು ಬೇಕು. ಆಮೆ ಬಂದುಹೋದ ಗುರುತು ಮುಂಜಾನೆಯ ಕೆಲವು ಗಂಟೆ ಮಾತ್ರ ಮರಳಿನ ಮೇಲೆ ಉಳಿಯುತ್ತದೆ. ಉಬ್ಬರದ ನೀರೋ ನಡೆದಾಡುವವರ ಕಾಲೋ ಅದನ್ನು ಅಳಿಸಿಬಿಡುತ್ತದೆ. ಹತ್ತು ಗಂಟೆಗೆ ತೀರಕ್ಕೆ ಬರುವ ಸಮೀಕ್ಷಕರಿಗೆ ಏನೂ ಕಾಣದಿದ್ದರೆ ಆಶ್ಚರ್ಯವಿಲ್ಲ.

ಗುರುತನ್ನು ಓದುವುದಕ್ಕೂ ಕ್ರಮವಿದೆ. ರಿಡ್ಲೆ ಆಮೆ ಎಡ-ಬಲ ಕಾಲುಗಳನ್ನು ಒಂದಾದ ಮೇಲೊಂದರಂತೆ ಊರಿ ತೆವಳುತ್ತದೆ. ಹಾಗಾಗಿ ಎರಡೂ ಬದಿಯ ಗುರುತುಗಳು ಹಿಂದುಮುಂದಾಗಿ ಮೂಡುತ್ತವೆ. ಹಸಿರು ಆಮೆ ಎರಡೂ ಮುಂಗಾಲುಗಳನ್ನು ಒಟ್ಟಿಗೆ ಊರುವುದರಿಂದ ಗುರುತು ಸಮಾನಾಂತರವಾಗಿರುತ್ತದೆ, ಹಾದಿಯೂ ಅಗಲ. ಮೇಲೆ ಬಂದ ಆಮೆಯೆಲ್ಲ ಮೊಟ್ಟೆ ಇಟ್ಟಿತೆಂದೂ ಅಲ್ಲ. ಬೆಳಕು, ಸದ್ದು, ಅಡ್ಡಗಟ್ಟಿದ ಕಲ್ಲಿನ ತಡೆಗೋಡೆ ಕಂಡು ಹಾಗೆಯೇ ಹಿಂದಿರುಗುವುದುಂಟು. ಹೀಗೆ ಹಿಂದಿರುಗಿದ ಹಾದಿಯನ್ನು ಗೂಡು ಎಂದು ಬರೆದರೆ ಅದು ಸುಳ್ಳು ಸಾಕ್ಷ್ಯವಾಗುತ್ತದೆ. ಹಿಂದಿರುಗಿತು ಎಂದೇ ಬರೆದರೆ ತೀರದಲ್ಲಿ ಏನೋ ತೊಡಕಿದೆ ಎಂಬುದಕ್ಕೆ ಅದೇ ಸುಳಿವಾಗುತ್ತದೆ.

ಟೊಂಕದ ವಿವಾದದಲ್ಲಿ ಇದು ತಾತ್ವಿಕ ಚರ್ಚೆಯಾಗಿ ಉಳಿಯಲಿಲ್ಲ. ಈ ತೀರ ಆಮೆಗಳು ಮೊಟ್ಟೆ ಇಡುವ ತಾಣ ಎಂಬುದು ಮೀನುಗಾರರ ಮುಖ್ಯ ವಾದಗಳಲ್ಲೊಂದಾಗಿತ್ತು. 2024ರ ಆರಂಭದಲ್ಲಿ ಮಂಗಳೂರು ಸಮೀಪದ ತಣ್ಣೀರುಬಾವಿ, ಸಸಿಹಿತ್ಲು ತೀರಗಳಲ್ಲಿಯೂ ಆಮೆಯ ಗೂಡುಗಳು ಪತ್ತೆಯಾಗಿ ಅರಣ್ಯ ಇಲಾಖೆ ರಕ್ಷಣೆ ಒದಗಿಸಿತು. ಇವು ಹೊಸದಾಗಿ ಬಂದವೇ, ಅಥವಾ ಮೊದಲೂ ಬರುತ್ತಿದ್ದು ಯಾರೂ ಲೆಕ್ಕ ಇಟ್ಟಿರಲಿಲ್ಲವೇ? ನಿರಂತರ ದಾಖಲೆಯಿದ್ದರೆ ಮಾತ್ರ ಇಂಥ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಸಾಕ್ಷ್ಯವಾಗುವುದು ಯಾವಾಗ?

ದಾಖಲೆಗೆ ಬೆಲೆ ತರುವ ಅಂಶಗಳು ಸರಳವಾಗಿವೆ. ದಿನಾಂಕ, ಹೊತ್ತು, ಸ್ಥಳದ ಅಕ್ಷಾಂಶ-ರೇಖಾಂಶ, ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯ ಇಟ್ಟು ತೆಗೆದ ಚಿತ್ರ, ಆಗಿನ ಉಬ್ಬರ-ಇಳಿತದ ಸ್ಥಿತಿ, ಗುರುತಿಸಿದ ಆಧಾರ ಯಾವುದು ಎಂಬ ಒಂದು ಸಾಲು, ಇವಿಷ್ಟು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೋಗಿ ಏನೂ ಕಾಣದ ದಿನವನ್ನೂ ಬರೆದಿಡಬೇಕು. ಇಪ್ಪತ್ತು ದಿನ ನಡೆದು ಮೂರು ಗೂಡು ಕಂಡ ದಾಖಲೆಗೂ ಕೇವಲ ಮೂರು ಗೂಡುಗಳ ಚಿತ್ರಕ್ಕೂ ಅಜಗಜಾಂತರ. ಮೊದಲನೆಯದರಿಂದ ಮುಂದಿನ ವರ್ಷ ಗೂಡು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಬಹುದು. ಎರಡನೆಯದರಿಂದ ಹೇಳಲಾಗದು.

ಇಂಥ ಕೆಲಸಕ್ಕೆ ದೇಶದಲ್ಲಿ ಮಾದರಿಗಳಿವೆ. ಮುಂಬಯಿಯಲ್ಲಿ 2017ರಲ್ಲಿ ಆರಂಭವಾದ ‘ಮರೀನ್ ಲೈಫ್ ಆಫ್ ಮುಂಬೈ’ ಬಳಗ ಇಳಿತದ ಹೊತ್ತಿನಲ್ಲಿ ನಾಗರಿಕರನ್ನು ಬಂಡೆ ತೀರಗಳಿಗೆ ಕರೆದೊಯ್ದು ಅಲ್ಲಿನ ಜೀವಿಗಳನ್ನು ಪಟ್ಟಿ ಮಾಡತೊಡಗಿತು. ಮಹಾನಗರದ ಕೊಳಕು ನೀರಿನಲ್ಲಿ ಏನಿದ್ದೀತು ಎಂದುಕೊಂಡಿದ್ದವರಿಗೆ ಹವಳ, ಆಕ್ಟೋಪಸ್, ಬಣ್ಣಬಣ್ಣದ ಕಡಲ ಗೊಂಡೆಹುಳುಗಳು ಕಾಣಿಸಿದವು. ಕರಾವಳಿ ರಸ್ತೆಯ ಕಾಮಗಾರಿ ನಿಲ್ಲಲಿಲ್ಲ ಎಂಬುದು ನಿಜ. ಆದರೆ ವನ್ಯಜೀವಿ ಕಾಯ್ದೆಯ ರಕ್ಷಣೆ ಪಡೆದ ಹವಳಗಳು ಅಲ್ಲಿವೆ ಎಂಬುದನ್ನು ಕಡೆಗಣಿಸಲಾಗದೆ 2020ರಲ್ಲಿ ಅವುಗಳನ್ನು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ದಾಖಲೆಯ ಶಕ್ತಿಯೂ ಮಿತಿಯೂ ಈ ಒಂದೇ ಪ್ರಕರಣದಲ್ಲಿ ಕಾಣುತ್ತದೆ.

ನಮ್ಮಲ್ಲಿಯೇ ಅಘನಾಶಿನಿ ಅಳಿವೆಯ ಕಥೆ ಇದೆ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಕೊನೆಗೆ ಅದು ಕೈಬಿಟ್ಟುಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿನ ಚಿಪ್ಪು, ಮೀನು, ಕಾಂಡ್ಲಾಗಳ ಕುರಿತು ನಡೆಸಿದ ಅಧ್ಯಯನಗಳಿಗೆ ಬಳಚು ಆಯುವ ಕುಟುಂಬಗಳ ಅನುಭವ ಪೂರಕವಾಗಿತ್ತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವಾಯಿತು. ಅಳಿವೆಯಲ್ಲಿ ಏನಿದೆ ಎಂಬುದು ಕಾಗದದ ಮೇಲಿಲ್ಲದಿದ್ದರೆ ಇಂಥ ಮಾನ್ಯತೆ ಕಲ್ಪನೆಗೂ ನಿಲುಕುತ್ತಿರಲಿಲ್ಲ.

ಆಕ್ಷೇಪ ಮತ್ತು ಅಪಾಯ

ಹವ್ಯಾಸಿಗಳು ಅಭಿವೃದ್ಧಿ ವಿರೋಧಿಗಳು, ಅವರ ಮಾಹಿತಿ ಪೂರ್ವಗ್ರಹದಿಂದ ಕೂಡಿರುತ್ತದೆ ಎಂಬ ಆಕ್ಷೇಪವಿದೆ. ಜನ ಸುಲಭವಾಗಿ ತಲುಪುವ ತೀರಗಳಿಂದಲೇ ಹೆಚ್ಚು ದಾಖಲೆ ಬರುತ್ತದೆ, ಯಾರೂ ಹೋಗದ ತೀರ ಬರಿದಾಗಿ ಕಾಣುತ್ತದೆ ಎಂಬುದೂ ಸರಿ. ಕ್ರಮಬದ್ಧ ದಾಖಲೆಯೇ ಇದಕ್ಕೆ ಉತ್ತರ. ವರ್ಷವಿಡೀ ನಡೆದರೂ ಗೂಡು ಕಾಣದ ತೀರ ಯಾವುದೆಂದು ಗೊತ್ತಾದರೆ ಯೋಜನೆಗೆ ಸೂಕ್ತ ಸ್ಥಳ ಹುಡುಕುವವರಿಗೂ ಅನುಕೂಲ. ಪ್ರಾಮಾಣಿಕ ದಾಖಲೆ ಯಾರ ಪಕ್ಷವನ್ನೂ ಮೊದಲೇ ವಹಿಸುವುದಿಲ್ಲ.

ಇನ್ನೊಂದು ಅಪಾಯ ಹವ್ಯಾಸಿಯಿಂದಲೇ ಬರುತ್ತದೆ. ಗೂಡಿನ ನಿಖರ ಸ್ಥಳವನ್ನು ಎಲ್ಲರಿಗೂ ಹಂಚಿದರೆ ಮರುದಿನವೇ ಅಲ್ಲಿ ಜಾತ್ರೆ ಸೇರುತ್ತದೆ, ಮೊಟ್ಟೆ ಕದಿಯುವವರಿಗೂ ದಾರಿ ತೋರಿಸಿದಂತಾಗುತ್ತದೆ. ಕಡಲಾಮೆ, ಡಾಲ್ಫಿನ್, ಹವಳ, ಕಡಲಸೌತೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೆಲವು ಚಿಪ್ಪು-ಶಂಖಗಳನ್ನು ಸಂಗ್ರಹಿಸುವುದೂ ಅಪರಾಧ. ಮಾಹಿತಿ ಮೊದಲು ತಲುಪಬೇಕಾದುದು ಅರಣ್ಯ ಇಲಾಖೆಗೆ. ಲೈಕೆನ್ನನ್ನೂ ಕೆರೆದು ತೆಗೆಯುವ ಅಗತ್ಯವಿಲ್ಲ. ಅಂಗೈಯಗಲ ಬೆಳೆಯಲು ಹತ್ತಾರು ವರ್ಷ ತೆಗೆದುಕೊಂಡದ್ದನ್ನು ಚಾಕುವಿನಿಂದ ಒಂದು ನಿಮಿಷದಲ್ಲಿ ತೆಗೆದರೆ ಮುಂದಿನ ವರ್ಷ ಹೋಲಿಸಲು ಏನೂ ಉಳಿಯುವುದಿಲ್ಲ. ಚಿತ್ರವೇ ಸಾಕು.

ಸರ್ಕಾರದ ಪಾಲು

ಇಷ್ಟೆಲ್ಲ ಮಾಡಿದ ಮೇಲೆ ದಾಖಲೆ ಹೋಗಿ ಸೇರಬೇಕಾದದ್ದು ಎಲ್ಲಿಗೆ? ಉತ್ತರ ಕಾನೂನಿನಲ್ಲಿ ಈಗಾಗಲೇ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಬಹುಕಾಲ ಇದು ನಿಧಾನವಾಗಿ ಸಾಗಿದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಚಾಟಿ ಬೀಸಿತು. 2020ರ ಜನವರಿ 31ರೊಳಗೆ ಕೆಲಸ ಮುಗಿಯದಿದ್ದರೆ ತಪ್ಪಿದ ರಾಜ್ಯಗಳು ತಿಂಗಳಿಗೆ ತಲಾ 10 ಲಕ್ಷ ರೂಪಾಯಿ ಠೇವಣಿ ಇಡಬೇಕೆಂದು ಹೇಳಿತು. ಗಡುವಿಗೆ ಸಿಕ್ಕ ಕೆಲಸ ತರಾತುರಿಯಲ್ಲಿ ಮುಗಿಯುವುದು ನಮ್ಮ ಆಡಳಿತದ ಹಳೆಯ ಸ್ವಭಾವ. ಪುಸ್ತಕ ಸಿದ್ಧವಾಗಿದೆ ಎಂಬ ಮಾತ್ರಕ್ಕೆ ಅದರೊಳಗೆ ಊರಿನ ತೀರದ ಜೀವಿಗಳಿವೆ ಎಂದು ನಂಬುವಂತಿಲ್ಲ. ದಾಖಲಾತಿ ಒಮ್ಮೆ ಬರೆದು ಕಪಾಟಿನಲ್ಲಿಡುವ ವಸ್ತುವಲ್ಲ, ಪ್ರತಿ ವರ್ಷ ಸೇರಿಸುತ್ತ ಹೋಗಬೇಕಾದದ್ದು. ಹವ್ಯಾಸಿಯ ಟಿಪ್ಪಣಿ ಅಲ್ಲಿಗೆ ಪ್ರವೇಶ ಪಡೆದರೆ ಅದಕ್ಕೆ ಅಧಿಕೃತತೆ ದೊರೆಯುತ್ತದೆ, ಪಂಚಾಯಿತಿಗೂ ಖರ್ಚಿಲ್ಲದೆ ಮಾಹಿತಿ ಸಿಗುತ್ತದೆ.

ಭಾಷೆಯ ತೊಡಕನ್ನೂ ಇಲ್ಲಿ ಹೇಳಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕೆಂಬ ನಿಯಮವಿದೆ. ಜೀವಿಗಳ ಪಟ್ಟಿ ಇರುವುದು ಪೂರ್ಣ ವರದಿಯ ಅನುಬಂಧಗಳಲ್ಲಿ, ಅದೂ ಇಂಗ್ಲಿಷ್ ಮತ್ತು ಲ್ಯಾಟಿನ್ ಹೆಸರುಗಳಲ್ಲಿ. ತಾನು ದಿನವೂ ಕಾಣುವ ಚಿಪ್ಪು ಆ ಪಟ್ಟಿಯಲ್ಲಿದೆಯೇ ಇಲ್ಲವೇ ಎಂದು ಮೀನುಗಾರ ಹೇಳುವುದಾದರೂ ಹೇಗೆ? ಕನ್ನಡ, ತುಳು, ಕೊಂಕಣಿ ಹೆಸರುಗಳನ್ನು ವೈಜ್ಞಾನಿಕ ಹೆಸರಿನ ಎದುರು ಇಟ್ಟ ಒಂದು ಸಚಿತ್ರ ಕೈಪಿಡಿಯನ್ನು ಜೀವವೈವಿಧ್ಯ ಮಂಡಳಿ ಮತ್ತು ವಿಶ್ವವಿದ್ಯಾಲಯಗಳು ಸೇರಿ ತರಬಹುದು. ಹಕ್ಕಿಗಳ ವಿಷಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡದಲ್ಲಿ ಬರೆದು ಒಂದು ತಲೆಮಾರಿನ ಕೈಗೆ ದುರ್ಬೀನು ಕೊಟ್ಟರು. ಕಡಲತೀರಕ್ಕೂ ಕಲ್ಲುಹೂವಿಗೂ ಅಂಥ ಪುಸ್ತಕ ಬೇಕಾಗಿದೆ.

ರಾಜ್ಯದ ಮೂರು ಕರಾವಳಿ ಜಿಲ್ಲೆಗಳಲ್ಲಿ ಮುಂದಿನ ದಶಕದಲ್ಲಿ ಬಂದರು, ರಸ್ತೆ, ತಡೆಗೋಡೆ, ಪ್ರವಾಸೋದ್ಯಮದ ಇನ್ನಷ್ಟು ಯೋಜನೆಗಳು ಬರಲಿವೆ. ಎಲ್ಲವೂ ಬೇಡ ಎನ್ನುವುದು ಯಾರಿಗೂ ಸಾಧ್ಯವಾಗದು, ಎಲ್ಲವೂ ಬರಲಿ ಎನ್ನುವುದೂ ವಿವೇಕವಲ್ಲ. ಯಾವುದು ಎಲ್ಲಿ ಎಂದು ತೀರ್ಮಾನಿಸುವ ದಿನ ಅಹವಾಲು ಸಭೆಯಲ್ಲಿ ಎದ್ದು ನಿಲ್ಲುವ ವ್ಯಕ್ತಿಯ ಕೈಯಲ್ಲಿ ಘೋಷಣೆಯ ಫಲಕದ ಜೊತೆಗೆ ಐದು ವರ್ಷಗಳ ದಿನಾಂಕವಿರುವ ಒಂದು ಟಿಪ್ಪಣಿ ಪುಸ್ತಕವೂ ಇದ್ದರೆ ಅಧಿಕಾರಿಗಳು ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಆ ಪುಸ್ತಕ ಸಭೆಯ ಹಿಂದಿನ ವಾರ ಬರೆಯಲು ಬರುವುದಿಲ್ಲ. ಈ ಚಳಿಗಾಲದಿಂದಲೇ ಅದನ್ನು ಆರಂಭಿಸಬೇಕು.